ಊಟ ಬಿಟ್ಟ ಭಟ್ಟರಿಗೊಂದು ಮುಲಾಮು

ಅಡುಗೆ ಭಟ್ಟರು ಮೊದಲ ಸಲ ನನ್ನ ಕೊಠಡಿಗೆ ಬಂದಾಗ ಬಾಗಿಲಲ್ಲೇ ನಿಂತುಬಿಟ್ಟರು. ನನ್ನನ್ನು ನೋಡಿದರು, ಬಾಗಿಲ ಮೇಲಿನ ಫಲಕವನ್ನು ಇನ್ನೊಂದು ಸಲ ನೋಡಿದರು, ಆಮೇಲೆ ಹಿಂದಿದ್ದ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಇಲ್ಲಿ ಗಂಡಸು ಡಾಕ್ಟ್ರು ಯಾರೂ ಇಲ್ವಂತಾ?"

"ಇದಾರಂತೆ. ವಾರಕ್ಕೊಂದು ಸಲ ಬರ್ತಾರಂತೆ. ಅಲ್ಲೀವರೆಗೂ ರಕ್ತ ಹಿಡ್ಕೊಂಡು ಇರ್ತೀರಾ?" ಎಂದರು ಆಕೆ. ಧ್ವನಿಯನ್ನೇನೂ ತಗ್ಗಿಸಲಿಲ್ಲ.

ಅದು ಚಾಮರಾಜಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಂ. ಯಾರದೋ ಹಳೆಯ ಮನೆಯ ಪಡಸಾಲೆ, ಕೋಣೆಗಳನ್ನೇ ವಾರ್ಡುಗಳಾಗಿ ಮಾಡಿದ್ದರು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಅಲ್ಲಿ ಶಸ್ತ್ರವೈದ್ಯೆಯಾಗಿದ್ದೆ. ಹೆಂಗಸು ಅಂತ ಗಂಡಸರು ನನ್ನಿಂದ ತಪ್ಪಿಸಿಕೊಳ್ಳುವುದು ನನಗೆ ಹೊಸದಲ್ಲ. ಅದರಲ್ಲೂ ಮೂಲವ್ಯಾಧಿಯವರು ಹೊಟ್ಟೆನೋವು ಅಂತಲೋ ಸೊಂಟನೋವು ಅಂತಲೋ ಶುರುಮಾಡಿ, ನಿಜವಾದ ಜಾಗಕ್ಕೆ ಬರುವಷ್ಟರಲ್ಲಿ ಹೊರಗೆ ಕಾಯುತ್ತಿದ್ದವರು ಕೆಮ್ಮತೊಡಗುತ್ತಿದ್ದರು. ಭಟ್ಟರು ಅಷ್ಟೂ ಹೇಳಲಿಲ್ಲ. ಹೇಳಿದ್ದೆಲ್ಲ ಹೆಂಡತಿಯೇ.

"ಪಂಚೆ ಒಗೆಯೋಳು ನಾನಲ್ವಾ ಡಾಕ್ಟ್ರಮ್ಮಾ, ಎಷ್ಟು ಹೋಗ್ತಿದೆ ಅಂತ ನಂಗೊತ್ತು. ಇವರು ಬೀಟ್‌ರೂಟ್ ಹೆಚ್ಚಿದ್ದೆ ಅಂತಾರೆ."

ಭಟ್ಟರು ಬಸವನಗುಡಿ, ಮಲ್ಲೇಶ್ವರದ ಕಲ್ಯಾಣ ಮಂಟಪಗಳಲ್ಲಿ ಮದುವೆ ಅಡುಗೆ ಮಾಡಿಸುತ್ತಿದ್ದವರು. ವಯಸ್ಸು ಐವತ್ತು ದಾಟಿತ್ತು. ಬೆಳಕು ಹರಿಯುವ ಮುಂಚೆ ಒಲೆಯ ಮುಂದೆ ನಿಂತರೆ ಕೊನೆಯ ಪಂಕ್ತಿ ಏಳುವ ತನಕ ಕೂರುವ ಹಾಗಿಲ್ಲ. ನೀರು ಕುಡಿಯುವುದು ನೆನಪಾದಾಗ. ಊಟ ಮಾಡುವುದು ಹಸಿವೆಲ್ಲ ಸತ್ತ ಮೇಲೆ. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದರೆ ಕಾಗದದ ಹಾಗೆ ಬಿಳುಪು. ಪರೀಕ್ಷೆಗೆ ಒಪ್ಪಿಸುವುದಕ್ಕೆ ಹೆಂಡತಿ ಇನ್ನೆರಡು ಮಾತು ಆಡಬೇಕಾಯಿತು. ಗೋಡೆ ಕಡೆ ಮುಖ ಮಾಡಿ ಮಲಗಿದ ಭಟ್ಟರು ಮುಗಿಯುವವರೆಗೂ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಮೂಲವ್ಯಾಧಿಯ ಗಂಟುಗಳು ಪೂರ್ತಿ ಹೊರಗೆ ಇಳಿದುಬಿಟ್ಟಿದ್ದವು. ಬೆರಳಲ್ಲಿ ತಳ್ಳಿದರೂ ಒಳಗೆ ನಿಲ್ಲುತ್ತಿರಲಿಲ್ಲ. ಬುಡಕ್ಕೆ ರಬ್ಬರ್ ಬ್ಯಾಂಡ್ ಬಿಗಿದು ತಾನಾಗಿ ಉದುರಲು ಬಿಡುವ ಉಪಾಯ ಅಂಥವಕ್ಕೆ ನಡೆಯುವುದಿಲ್ಲ. ಕತ್ತರಿಸಿಯೇ ತೆಗೆಯಬೇಕು.

ಮೊದಲು ರಕ್ತ ಕೊಟ್ಟೆವು, ಕಬ್ಬಿಣದ ಮಾತ್ರೆ ನುಂಗಿಸಿದೆವು. ಮೈಗೆ ಸ್ವಲ್ಪ ಬಣ್ಣ ಬಂದ ಮೇಲೆ, ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಮಾಡಿದೆ. ಮೂರು ಗಂಟುಗಳನ್ನು ಬುಡದಲ್ಲಿ ಕಟ್ಟಿ ಕತ್ತರಿಸಿ, ಗಾಯಗಳನ್ನು ಹೊಲಿಯದೆ ತೆರೆದೇ ಬಿಟ್ಟೆ. ಆಗ ನಾವೆಲ್ಲ ಮಾಡುತ್ತಿದ್ದದ್ದೇ ಹಾಗೆ. ರಕ್ತಸ್ರಾವ ಆಗಲಿಲ್ಲ. ಎಲ್ಲ ಸಲೀಸಾಗಿ ಮುಗಿಯಿತು.

ಈ ಕಾಯಿಲೆಯಲ್ಲಿ ಕತ್ತರಿ ಹಿಡಿಯುವುದು ಸುಲಭದ ಭಾಗ. ಕಷ್ಟ ಶುರುವಾಗುವುದು ಮರಗಟ್ಟಿದ್ದು ಬಿಟ್ಟ ಮೇಲೆ. ಗುದದ್ವಾರವನ್ನು ಮುಚ್ಚಿ ಹಿಡಿಯುವ ಒಂದು ಬಳೆಯಂಥ ಸ್ನಾಯು ಇದೆ. ಪಕ್ಕದಲ್ಲಿ ಹಸಿ ಗಾಯ ಇದೆ ಎಂದು ಗೊತ್ತಾದ ಕೂಡಲೇ ಅದು ಬಿಗಿದುಕೊಳ್ಳುತ್ತದೆ. ಬಿಗಿದಷ್ಟೂ ನೋವು, ನೋವಾದಷ್ಟೂ ಬಿಗಿತ. ನಮ್ಮ ಕೈಯಲ್ಲಿದ್ದದ್ದು ನೋವಿನ ಮಾತ್ರೆ, ಇಂಜೆಕ್ಷನ್, ಮರಗಟ್ಟಿಸುವ ಜೆಲ್ಲಿ, ಮಲ ಮೆತ್ತಗಾಗುವ ಪುಡಿ, ಆಮೇಲೆ ಟಬ್ಬಿನಲ್ಲಿ ಬಿಸಿನೀರು ಹಾಕಿ ಕೂರಿಸುವುದು. ಇಂಜೆಕ್ಷನ್ನುಗಳಲ್ಲಿ ಜೋರಾದವು ಮಲವನ್ನೇ ಕಟ್ಟಿಬಿಡುತ್ತಿದ್ದವು.

ಭಟ್ಟರಿಗೆ ಮೊದಲ ಸಲ ಮಲವಿಸರ್ಜನೆ ಆದ ಬೆಳಿಗ್ಗೆ ನಾನು ರೌಂಡ್ಸಿನಲ್ಲಿದ್ದೆ. ಕೂಗು ಮುಂಬಾಗಿಲವರೆಗೆ ಕೇಳಿಸಿತು. ಹೊರಗೆ ಬಂದವರ ಶರ್ಟು ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಹಾಸಿಗೆಗೆ ಬಂದು ಬೋರಲು ಮಲಗಿದರು.

ಅದಾದ ಮೇಲೆ ಅವರಿಗೆ ದೈವಭಕ್ತಿ ಜಾಸ್ತಿಯಾಯಿತು. ಒಂದು ದಿನ ಏಕಾದಶಿ ಅಂದರು. ಮಾರನೇ ದಿನ ಗುರುವಾರ, ಒಪ್ಪೊತ್ತು ಅಂದರು. ಹೆಂಡತಿ ಮನೆಯಿಂದ ಡಬ್ಬಿಯಲ್ಲಿ ಊಟ ತರುತ್ತಿದ್ದರು, ಸಂಜೆ ಡಬ್ಬಿ ಖಾಲಿಯಾಗಿಯೇ ವಾಪಸು ಹೋಗುತ್ತಿತ್ತು. ಆದ್ದರಿಂದ ಅಷ್ಟೋ ಇಷ್ಟೋ ತಿನ್ನುತ್ತಿದ್ದಾರೆ ಅಂದುಕೊಂಡಿದ್ದೆವು. ಪಕ್ಕದ ಹಾಸಿಗೆಯಲ್ಲಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡಿದ್ದ ಹಿರಿಯರೊಬ್ಬರು ಮನೆಗೆ ಹೊರಟಾಗ ನನ್ನನ್ನು ಪಕ್ಕಕ್ಕೆ ಕರೆದರು.

"ಮೇಡಂ, ಒಂದು ವಿಷಯ. ಭಟ್ಟರ ಊಟ ಎಲ್ಲಾ ನಾನೇ ಮಾಡ್ತಿದ್ದೆ. ಅವರೇ ಕೊಡ್ತಿದ್ರು, ಬೇಡ ಅನ್ನಕ್ಕಾಗ್ಲಿಲ್ಲ, ತಿಳಿಸಾರು ಅಷ್ಟು ಚೆನ್ನಾಗಿತ್ತು. ನಾಳೆಯಿಂದ ಯಾರೂ ಇರಲ್ವಲ್ಲ, ಅದಕ್ಕೆ ಹೇಳ್ದೆ."

ನಾನು ಹೋಗಿ ಭಟ್ಟರ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಅವರು ಸುಳ್ಳು ಹೇಳಲಿಲ್ಲ.

"ಒಳಗೆ ಹೋದ್ರೆ ತಾನೇ ಡಾಕ್ಟ್ರಮ್ಮಾ, ಹೊರಗೆ ಬರ್ಬೇಕು? ಚೂರಿ ಹಾಕಿ ತಿರುವಿದ ಹಾಗಾಯ್ತು. ಇನ್ನೊಂದ್ಸಲ ನನ್ನ ಕೈಲಾಗಲ್ಲ. ನೀರು ಕುಡ್ಕೊಂಡು ಇದ್ಬಿಡ್ತೀನಿ."

"ಎಷ್ಟು ದಿನ ಇರ್ತೀರಿ ಭಟ್ಟರೇ?"

"ಗಾಯ ಒಣಗೋವರೆಗೂ."

ಗಾಯ ಒಣಗುವುದಕ್ಕೇ ಅನ್ನ ಬೇಕು. ಅಷ್ಟೊಂದು ರಕ್ತ ಕಳೆದುಕೊಂಡಿದ್ದ ದೇಹ ಉಪವಾಸ ಬಿದ್ದರೆ ಗಾಯ ಹಾಗೇ ಕೂತುಬಿಡುತ್ತದೆ. ಒಳಗಿರುವುದು ದಿನೇ ದಿನೇ ಗಟ್ಟಿಯಾಗುತ್ತದೆ. ಕೊನೆಗೆ ಮತ್ತೆ ಅರಿವಳಿಕೆ ಕೊಟ್ಟು ಕೈಯಿಂದಲೇ ತೆಗೆಯಬೇಕಾಗುತ್ತದೆ. ಹಾಗೆ ತೆಗೆಯುವಾಗ ಗಾಯ ಬಿಚ್ಚಿಕೊಂಡು ರಕ್ತ ಹರಿದರೆ ಅದನ್ನು ತಡೆಯುವ ಶಕ್ತಿ ಅವರಲ್ಲಿರಲಿಲ್ಲ. ಇದನ್ನೆಲ್ಲ ಬಿಡಿಸಿ ಹೇಳಿದೆ. ತಲೆ ಅಲ್ಲಾಡಿಸಿದರು. ಮಧ್ಯಾಹ್ನ ಮತ್ತೆ ತಟ್ಟೆ ಹಾಗೇ ಇತ್ತು. ಆ ನೋವು ಇರುವ ತನಕ ನನ್ನ ಮಾತಿಗೆ ಬೆಲೆಯಿಲ್ಲ ಎಂದು ನನಗೂ ಗೊತ್ತಾಯಿತು.

ಹೊರದೇಶದ ಕೆಲವು ಶಸ್ತ್ರವೈದ್ಯರು ಹೃದಯದ ಔಷಧಿಯೊಂದನ್ನು ಈ ಬಳೆ ಸ್ನಾಯುವಿನ ಮೇಲೆ ಹಚ್ಚಿ ನೋಡುತ್ತಿರುವುದನ್ನು ನಾನು ಓದಿದ್ದೆ. ನೈಟ್ರೋಗ್ಲಿಸರಿನ್. ಎದೆನೋವಿನವರು ಎದೆಯ ಮೇಲೆ ಹಚ್ಚಿಕೊಳ್ಳುವ ಮುಲಾಮು ಟ್ಯೂಬಿನಲ್ಲಿ ಸಿಗುತ್ತಿತ್ತು. ರಕ್ತನಾಳವನ್ನು ಸಡಿಲಿಸುವ ಗುಣವೇ ಈ ಸ್ನಾಯುವನ್ನೂ ಸಡಿಲಿಸುತ್ತದೆ. ಆದರೆ ಟ್ಯೂಬಿನಲ್ಲಿದ್ದದ್ದಕ್ಕಿಂತ ಹತ್ತು ಪಟ್ಟು ತೆಳುವಾಗಿರಬೇಕು. ಹಾಗೆ ತಯಾರಾದದ್ದು ಆಗ ನಮ್ಮ ಅಂಗಡಿಗಳಲ್ಲಿ ಇರಲಿಲ್ಲ.

ಮಲ್ಲೇಶ್ವರದಲ್ಲಿ ಒಂದು ಹಳೆಯ ಔಷಧಿ ಅಂಗಡಿ ಇತ್ತು. ಚರ್ಮವೈದ್ಯರು ಬರೆದುಕೊಟ್ಟ ಮುಲಾಮುಗಳನ್ನು ಹಿಂದಿನ ಕೋಣೆಯಲ್ಲಿ ಕೈಯಿಂದಲೇ ಬೆರೆಸಿಕೊಡುತ್ತಿದ್ದರು. ಅಂಗಡಿಯ ಯಜಮಾನರು ಔಷಧಶಾಸ್ತ್ರ ಓದಿದ ಹಿರಿಯರು. ನಾನು ಟ್ಯೂಬು ಮುಂದಿಟ್ಟಾಗ ಕನ್ನಡಕ ಹಣೆಗೇರಿಸಿ ಓದಿದರು.

"ಇದು ಹಾರ್ಟಿಗೆ ಹಾಕೋದು. ನೀವು ಎಲ್ಲಿಗೆ ಹಚ್ತೀರಿ?"

ಹೇಳಿದೆ. ಕನ್ನಡಕವನ್ನು ಮತ್ತೆ ಮೂಗಿಗಿಳಿಸಿದರು.

"ಸರಿ ಬಿಡಿ. ಒಬ್ಬೊಬ್ಬರ ಜೀವ ಒಂದೊಂದು ಕಡೆ ಇರುತ್ತೆ."

ಒಂದು ಪಾಲು ಮುಲಾಮಿಗೆ ಒಂಬತ್ತು ಪಾಲು ವ್ಯಾಸಲೀನ್. ಎಲ್ಲವನ್ನೂ ಒಟ್ಟಿಗೆ ಕಲಸಿದರೆ ಒಂದು ಮೂಲೆಯಲ್ಲಿ ಔಷಧಿ ಹೆಚ್ಚು, ಇನ್ನೊಂದು ಮೂಲೆಯಲ್ಲಿ ಬರೀ ವ್ಯಾಸಲೀನ್ ಉಳಿಯುತ್ತದೆ. ಅವರು ದಪ್ಪ ಗಾಜಿನ ಹಲಗೆಯ ಮೇಲೆ ಮೊದಲು ಮುಲಾಮಿನಷ್ಟೇ ವ್ಯಾಸಲೀನ್ ಇಟ್ಟು ಚಪ್ಪಟೆ ಅಲಗಿನಿಂದ ಉಜ್ಜಿದರು. ಅದು ಒಂದಾದ ಮೇಲೆ, ಆ ಮಿಶ್ರಣ ಎಷ್ಟಿತ್ತೋ ಅಷ್ಟೇ ವ್ಯಾಸಲೀನ್. ಹೀಗೆ ಪ್ರತಿ ಸಲವೂ ದುಪ್ಪಟ್ಟು ಮಾಡುತ್ತಾ ಹೋದರು. ಕಂದು ಬಣ್ಣದ ಸೀಸೆಗೆ ತುಂಬಿ, ಬೆಳಕಿಗೆ ಇಡಬೇಡಿ ಎಂದರು.

ಭಟ್ಟರಿಗೆ ನಿಜ ಹೇಳಿದೆ. ಈ ಔಷಧಿ ಹೊಸದಲ್ಲ, ಆದರೆ ಈ ಜಾಗಕ್ಕೆ ನಾನು ಹಚ್ಚುತ್ತಿರುವುದು ಇದೇ ಮೊದಲು ಎಂದೆ. ಅವರು ಹೆಂಡತಿಯ ಮುಖ ನೋಡಿದರು.

"ಹಚ್ಚಲಿ ಬಿಡಿ, ಇದಕ್ಕಿಂತ ಇನ್ನೇನಾಗ್ಬೇಕು" ಎಂದರು ಆಕೆ.

ಕಡಲೆಕಾಳಿನಷ್ಟು ಮುಲಾಮು, ಒಳಗೆ ಹಾಕದೆ ಅಂಚಿನ ಸುತ್ತ ಮಾತ್ರ, ದಿನಕ್ಕೆ ಮೂರು ಹೊತ್ತು. ಹಚ್ಚುತ್ತಿದ್ದದ್ದು ವಾರ್ಡಿನ ಸಿಸ್ಟರ್. ಮೊದಲ ಸಲ ಹಚ್ಚಿದ ಮೇಲೆ ನಾನೇ ಪಕ್ಕದಲ್ಲಿ ನಿಂತಿದ್ದೆ. ಭಟ್ಟರ ಮುಷ್ಟಿ ಬಿಗಿಯಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಬೆರಳು ಒಂದೊಂದೇ ಬಿಚ್ಚಿಕೊಂಡವು. ಆಪರೇಷನ್ ಆದ ಮೇಲೆ ಮೊದಲ ಸಲ ಅಂಗಾತ ತಿರುಗಿ ಮಲಗಿ ನಿದ್ದೆ ಹೋದರು. ಗೊರಕೆ ಕೇಳಿ ಹೆಂಡತಿ ನಕ್ಕರು.

ಖುಷಿ ಮಾರನೇ ದಿನಕ್ಕೆ ಮುಗಿಯಿತು. ಭಟ್ಟರು ತಲೆನೋವು ಎಂದು ಹಣೆಗೆ ಟವೆಲ್ ಬಿಗಿದುಕೊಂಡಿದ್ದರು. ಬೆನ್ನಿಗೆ ಸೂಜಿ ಕೊಟ್ಟವರಲ್ಲಿ ಕೆಲವರಿಗೆ ಕೆಲ ದಿನಗಳ ಮೇಲೆ ತಲೆನೋವು ಬರುವುದುಂಟು. ಸೂಜಿಯ ರಂಧ್ರದಿಂದ ಬೆನ್ನುಹುರಿಯ ಸುತ್ತಲಿನ ನೀರು ಜಿನುಗುವುದರಿಂದ ಆಗುವುದು ಅದು. ತಲೆದಿಂಬಿಲ್ಲದೆ ಮಲಗಿಸಿ, ಹೆಚ್ಚು ನೀರು, ಗಟ್ಟಿ ಕಾಫಿ ಕೊಡಬೇಕು. ಹಾಗೇ ಮಾಡಿದೆವು. ಕಾಫಿ ಮಾತ್ರ ಭಟ್ಟರು ಬೇಡ ಎನ್ನಲಿಲ್ಲ. ತಲೆನೋವು ಇಳಿಯಲೂ ಇಲ್ಲ. ಅರಿವಳಿಕೆ ತಜ್ಞರು ಬಂದು ನೋಡಿದರು. "ಇದು ನನ್ನ ಸೂಜಿದಲ್ಲ ಅನ್ಸತ್ತೆ ಮೇಡಂ. ಅದಾಗಿದ್ರೆ ಕೂತ್ರೆ ಜಾಸ್ತಿ ಆಗ್ಬೇಕು, ಮಲಗಿದ್ರೆ ಕಮ್ಮಿ ಆಗ್ಬೇಕು. ಇವರಿಗೆ ಮಲಗಿದ್ರೂ ಇದೆ. ಕೆಲವು ಸಲ ಕೂತಿದ್ರೂ ಇರಲ್ಲ" ಎಂದರು.

ಆ ಮುಲಾಮಿಗೆ ತಲೆನೋವು ಬರುತ್ತದೆಂದು ಟ್ಯೂಬಿನ ಚೀಟಿಯಲ್ಲೇ ಬರೆದಿತ್ತು. ಆದರೆ ಹತ್ತರಲ್ಲೊಂದು ಪಾಲು, ಅದೂ ಕಡಲೆಕಾಳಿನಷ್ಟು. ಅಷ್ಟಕ್ಕೆ ಹೀಗಾಗುತ್ತದೆಂದು ನನಗೆ ನಂಬಿಕೆ ಬಂದಿರಲಿಲ್ಲ.

ಆ ದಿನ ಮಧ್ಯಾಹ್ನ ಭಟ್ಟರು ಮಂಚದಿಂದ ಎದ್ದು ಎರಡು ಹೆಜ್ಜೆ ಇಟ್ಟವರು ಹಾಗೇ ಕುಸಿದರು. ಹೆಂಡತಿ ಪಕ್ಕದಲ್ಲಿದ್ದು ಹಿಡಿದುಕೊಂಡದ್ದರಿಂದ ತಲೆ ನೆಲಕ್ಕೆ ಬಡಿಯಲಿಲ್ಲ. ಕಾಲು ಎತ್ತರಿಸಿ ಮಲಗಿಸಿ ಬಿ.ಪಿ. ನೋಡಿದರೆ ತೀರಾ ಕೆಳಗಿಳಿದಿತ್ತು. ಡ್ರಿಪ್ ಹಾಕಿದೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು.

ಡ್ರಿಪ್ ಸರಿಪಡಿಸುತ್ತಿದ್ದ ಸಿಸ್ಟರ್ ಒಂದು ಕೈಯಿಂದ ತನ್ನ ಹಣೆ ಒತ್ತಿಕೊಳ್ಳುತ್ತಿದ್ದಳು.

"ನಿನಗೇನಾಯ್ತಮ್ಮಾ?"

"ಏನಿಲ್ಲ ಮೇಡಂ, ನಿನ್ನೆಯಿಂದ ತಲೆ ಸಿಡೀತಿದೆ. ಬೆಳಿಗ್ಗೆ ತಿಂಡಿ ತಿನ್ನದೆ ಬರ್ತೀನಲ್ಲ, ಅದಕ್ಕಿರ್ಬೇಕು."

"ಯಾವಾಗ ಯಾವಾಗ ಬರುತ್ತೆ?"

ಅವಳು ಯೋಚಿಸಿ ಹೇಳಿದ ಹೊತ್ತುಗಳು ಮುಲಾಮು ಹಚ್ಚುವ ಹೊತ್ತುಗಳೇ. ಆಗೆಲ್ಲ ಕೈಗವಸುಗಳನ್ನು ಒಂದು ಸಲ ಹಾಕಿ ಬಿಸಾಡುತ್ತಿರಲಿಲ್ಲ. ತೊಳೆದು, ಪೌಡರ್ ಹಾಕಿ, ಆವಿಯಲ್ಲಿ ಶುದ್ಧಮಾಡಿ ಮತ್ತೆ ಬಳಸುತ್ತಿದ್ದೆವು. ಅವಳ ಕೈಗವಸಿಗೆ ನೀರು ತುಂಬಿಸಿ ಹಿಂಡಿದೆ. ತೋರುಬೆರಳಿನ ತುದಿಯಿಂದ ನೀರು ಸಣ್ಣಗೆ ಚಿಮ್ಮಿತು.

ನಾನು ಸೀಸೆ ತೆಗೆದುಕೊಂಡು ನನ್ನ ಕೊಠಡಿಗೆ ಹೋದೆ. ಮುಂಗೈ ಒಳಭಾಗಕ್ಕೆ ಒಂದು ಕಡಲೆಕಾಳಿನಷ್ಟು ಹಚ್ಚಿ ಉಜ್ಜಿ, ಕುರ್ಚಿಯಲ್ಲಿ ಒರಗಿ ಕೂತೆ. ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಕಣತಲೆಯ ನರಗಳು ಡವಡವ ಹೊಡೆಯತೊಡಗಿದವು. ಗಟ್ಟಿ ಚರ್ಮದ ಮೇಲೆ ಇಷ್ಟಾದರೆ, ಮೂರು ಹಸಿ ಗಾಯಗಳು ಎಷ್ಟು ಹೀರಿರಬೇಡ! ಅದೂ ರಕ್ತ ಕಮ್ಮಿ ಇರುವ, ಊಟವಿಲ್ಲದ, ಬರೀ ನೀರು ಕಾಫಿಯ ಮೇಲಿರುವ ದೇಹದಲ್ಲಿ.

ಮುಲಾಮು ನಿಲ್ಲಿಸುತ್ತೇನೆ ಎಂದಾಗ ಭಟ್ಟರು ನನಗೆ ಕೈಮುಗಿದರು.

"ಬೇಡ ಡಾಕ್ಟ್ರಮ್ಮಾ. ತಲೆನೋವು ಇದ್ರೆ ಇರ್ಲಿ, ಬಿದ್ರೆ ಬೀಳ್ತೀನಿ. ಅದೊಂದನ್ನ ಮಾತ್ರ ನಿಲ್ಲಿಸ್ಬೇಡಿ."

"ಬಿದ್ರೆ ಹಿಡ್ಕೊಳ್ಳೋಳು ಯಾರು?" ಎಂದರು ಹೆಂಡತಿ. ಅಲ್ಲಿಯವರೆಗೂ ಗಟ್ಟಿಯಾಗಿದ್ದ ಆಕೆಯ ಧ್ವನಿ ಮೊದಲ ಸಲ ನಡುಗಿತು.

ಜೋರಾದ ಇಂಜೆಕ್ಷನ್ನಿಗೆ ಮರಳುವುದು ಸುಲಭವಿತ್ತು. ಕೊಟ್ಟಿದ್ದರೆ ಭಟ್ಟರು ನಿದ್ದೆ ಮಾಡುತ್ತಿದ್ದರು, ನಾನೂ ನಿರಾಳವಾಗಿರುತ್ತಿದ್ದೆ. ಆದರೆ ಒಳಗೆ ಕಲ್ಲಾಗುತ್ತಿದ್ದದ್ದು ಇನ್ನಷ್ಟು ಕಲ್ಲಾಗುತ್ತಿತ್ತು. ಬಹಳ ಹೊತ್ತು ಯೋಚಿಸಿ, ಆ ಇಂಜೆಕ್ಷನ್ ಕೊಡುವುದಿಲ್ಲ, ಈ ಮುಲಾಮೂ ಬೇಡ, ಮೂರನೆಯದೊಂದನ್ನು ಮಾಡಿಸುತ್ತೇನೆ ಎಂದು ನಿರ್ಧರಿಸಿದೆ. ಅಲ್ಲಿಯವರೆಗೆ ನೋವು ವಾಪಸು ಬರುತ್ತದೆ, ಬಿಸಿನೀರು, ಜೆಲ್ಲಿ, ಸಾಧಾರಣ ಮಾತ್ರೆಯಲ್ಲೇ ಕಳೆಯಬೇಕು ಎಂದು ಭಟ್ಟರಿಗೆ ಹೇಳಿದೆ. ಅವರು ಗೋಡೆಯ ಕಡೆ ತಿರುಗಿದರು. ಡ್ರಿಪ್ಪಿನಲ್ಲಿ ಜೀವ ಹಿಡಿದಿಟ್ಟುಕೊಂಡು ಕಾಯಬೇಕಾಯಿತು.

ಮೂರನೆಯದು ಡಿಲ್ಟಿಯಾಜೆಮ್. ಅದೂ ಹೃದಯದ, ಬಿ.ಪಿ.ಯ ಔಷಧಿಯೇ. ಬೇರೆ ದಾರಿಯಿಂದ ಅದೇ ಸ್ನಾಯುವನ್ನು ಸಡಿಲಿಸುತ್ತದೆ, ತಲೆನೋವು ಕಮ್ಮಿ ಎಂದು ಓದಿದ್ದೆ. ಆದರೆ ನಮ್ಮಲ್ಲಿ ಅದು ಮಾತ್ರೆಯಾಗಿ ಮಾತ್ರ ಸಿಗುತ್ತಿತ್ತು. ಮಲ್ಲೇಶ್ವರದ ಅಂಗಡಿಯ ಹಿರಿಯರೂ ನಾನೂ ಸೇರಿ ಮಾತ್ರೆಗಳನ್ನು ಕಲ್ಲಿನ ಖಲ್ವದಲ್ಲಿ ನುಣ್ಣಗೆ ಅರೆದು ವ್ಯಾಸಲೀನಿಗೆ ಹಾಕಿ ನೋಡಿದೆವು. ಬೆರಳಲ್ಲಿ ಉಜ್ಜಿದರೆ ತರಿತರಿ. ಎಷ್ಟು ಅರೆದರೂ ಮಾತ್ರೆಯ ಹೊರಕವಚದ ಚೂರು ಹೋಗಲಿಲ್ಲ. ಹಸಿ ಗಾಯಕ್ಕೆ ಮರಳು ತಿಕ್ಕಿದ ಹಾಗಾಗುತ್ತದೆಂದು ಇಬ್ಬರೂ ಒಂದೇ ಸಲ ಹೇಳಿ, ಅದನ್ನು ಬಿಸಾಡಿದೆವು.

ಶುದ್ಧ ಪುಡಿಯೇ ಬೇಕು. ಅಂಗಡಿಯ ಯಜಮಾನರ ಸಹಪಾಠಿಯೊಬ್ಬರು ಮಾತ್ರೆ ತಯಾರಿಸುವ ಕಾರ್ಖಾನೆಯಲ್ಲಿದ್ದರು. ಅವರಿಗೆ ನನ್ನ ಪತ್ರ ಹೋಯಿತು, ಪುಡಿ ಬಂತು. ಈ ಪುಡಿ ನೀರಿನಲ್ಲಿ ಕರಗುತ್ತದೆ, ವ್ಯಾಸಲೀನ್ ನೀರನ್ನು ಹಿಡಿಯುವುದಿಲ್ಲ. ಹಾಗಾಗಿ ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ಕರಗಿಸಿ, ನೀರಿನೊಂದಿಗೆ ಬೆರೆಯುವ ಬಿಳಿ ಕ್ರೀಮಿಗೆ ಸೇರಿಸಿದರು. ನೂರು ಪಾಲಿನಲ್ಲಿ ಎರಡು ಪಾಲು ಔಷಧಿ. ಮೊದಲ ಸೀಸೆ ಮಾರನೇ ಬೆಳಿಗ್ಗೆಯ ಹೊತ್ತಿಗೆ ಬೆವರಿತ್ತು. ಕ್ರೀಮಿನ ಮೇಲೆ ನೀರಿನ ಹನಿಗಳು ನಿಂತಿದ್ದವು.

"ಇದನ್ನ ಕೊಡಲ್ಲ ಡಾಕ್ಟ್ರೇ. ಔಷಧಿ ಎಲ್ಲಾ ಆ ಹನೀಲೇ ಕೂತಿರುತ್ತೆ. ನೀರು ಕಮ್ಮಿ ಮಾಡಿ ಇನ್ನೊಂದ್ಸಲ ನೋಡೋಣ."

ಎರಡನೆಯದು ಬೆಣ್ಣೆಯ ಹಾಗೆ ಬಂತು, ಬೆಳಗಾದರೂ ಹಾಗೇ ಇತ್ತು. ಈಗ ಇದು ಟ್ಯೂಬಿನಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅಂದು ಆ ಸಣ್ಣ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಚಾಮರಾಜಪೇಟೆಗೆ ಬರುವಾಗ, ಗುಂಡಿ ಬಂದಾಗಲೆಲ್ಲ ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ.

ಈ ಸಲ ಮೊದಲು ನನ್ನ ಮುಂಗೈಗೇ ಹಚ್ಚಿಕೊಂಡೆ. "ನನಗೂ ಹಚ್ಚಿ ಮೇಡಂ, ನಾನೇ ತಾನೇ ದಿನಾ ಮುಟ್ಟೋಳು" ಎಂದಳು ಸಿಸ್ಟರ್. ಇಬ್ಬರೂ ಕೂತು ಕಾದೆವು. ತಲೆ ತಣ್ಣಗಿತ್ತು. ಭಟ್ಟರಿಗೆ ಡ್ರಿಪ್ ನಡೆಯುತ್ತಿರುವಾಗಲೇ, ಮಲಗಿದಾಗ ಒಂದು ಸಲ, ಕೂರಿಸಿ ಒಂದು ಸಲ ಬಿ.ಪಿ. ನೋಡಿ, ಮೊದಲಿನ ಅರ್ಧದಷ್ಟು ಮಾತ್ರ ಹಚ್ಚಿದೆವು. ಬಿ.ಪಿ. ಅಲುಗಲಿಲ್ಲ. ನೋವು ಆ ಮೊದಲ ಮುಲಾಮಿನಷ್ಟು ಬೇಗ ಇಳಿಯಲಿಲ್ಲ, ಸಂಜೆಯ ಹೊತ್ತಿಗೆ ಇಳಿಯಿತು. ಆಮೇಲೆ ಪೂರ್ತಿ ಪ್ರಮಾಣ ಕೊಟ್ಟೆವು. ತಲೆನೋವಿನ ಟವೆಲ್ ಹಣೆ ಬಿಟ್ಟು ಹೆಗಲಿಗೆ ಬಂತು.

ಆದರೂ ಭಟ್ಟರು ತಿನ್ನಲಿಲ್ಲ. ನೋವು ಹೋಗಿದ್ದರೂ ಭಯ ಅಲ್ಲೇ ಇತ್ತು. ಅದಕ್ಕೆ ಮುಲಾಮು ಮಾಡಿಸುವ ಅಂಗಡಿ ನನಗೆ ಗೊತ್ತಿರಲಿಲ್ಲ.

ಮತ್ತೆ ಸ್ಟೂಲು ಎಳೆದುಕೊಂಡು ಕೂತೆ. ಈ ಸಲ ಕಾಯಿಲೆಯ ಮಾತೆತ್ತಲಿಲ್ಲ. "ಭಟ್ಟರೇ, ಜ್ವರ ಬಿಟ್ಟೆದ್ದೋರಿಗೆ, ಹಲ್ಲಿಲ್ಲದೋರಿಗೆ ಮದುವೆಮನೇಲಿ ನೀವು ಏನು ಬಡಿಸ್ತೀರಿ?" ಎಂದು ಕೇಳಿದೆ.

ಅವರು ಚಾವಣಿ ನೋಡುತ್ತಾ ಶುರುಮಾಡಿದರು. ಹೆಸರುಬೇಳೆ ಹುರಿಯದೆ ಬೇಯಿಸಬೇಕು. ಹೀರೇಕಾಯಿ ಸಿಪ್ಪೆ ತೆಗೆದು ಅದರಲ್ಲೇ ಕರಗಿಸಬೇಕು. ಮೆಣಸಿನಕಾಯಿ ಬೇಡ, ಚೂರು ಶುಂಠಿ. ಅನ್ನ ಮುದ್ದೆಯಾಗಬೇಕು, ತುಪ್ಪ ಧಾರಾಳವಾಗಿರಬೇಕು. ಹೇಳುತ್ತಾ ಹೇಳುತ್ತಾ ಕೈ ಗಾಳಿಯಲ್ಲಿ ಸೌಟು ತಿರುವುತ್ತಿತ್ತು. ಹೆಂಡತಿ ಕಣ್ಣರಳಿಸಿ ಕೇಳಿಸಿಕೊಂಡರು, ಎದ್ದು ಮನೆಗೆ ಹೋದರು. ಅಷ್ಟನ್ನೂ ಮಾಡಿಕೊಂಡು ಮಧ್ಯಾಹ್ನಕ್ಕೆ ಬಂದರು.

ಭಟ್ಟರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಇಂಗು ಸಾಲದು" ಎಂದರು.

"ಸಾಲದು ಅಂದ್ರೆ ಎದ್ದು ಬಂದು ನೀವೇ ಹಾಕ್ಕೊಳ್ಳಿ" ಎಂದರು ಹೆಂಡತಿ. ಸೆರಗಿನಿಂದ ಮುಖ ಒರೆಸಿಕೊಂಡರು. ಭಟ್ಟರು ಎರಡನೇ ತುತ್ತು ತೆಗೆದುಕೊಂಡರು, ಮೂರನೆಯದನ್ನೂ. ಜೊತೆಗೆ ಮಲ ಮೆತ್ತಗಾಗುವ ಔಷಧಿ, ಚೆಂಬು ತುಂಬ ನೀರು. ಮಾರನೇ ದಿನವೂ ತಿಂದರು.

ಅದರ ಮುಂದಿನ ಬೆಳಿಗ್ಗೆ ಸಿಸ್ಟರ್ ಓಡಿಬಂದಳು. "ಮೇಡಂ, ಹೋಗ್ಬೇಕು ಅಂತಿದಾರೆ. ಆದ್ರೆ ಏಳ್ತಾ ಇಲ್ಲ."

ಮುಲಾಮು ಹಚ್ಚಿ, ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಕೂರಿಸಿದೆವು. ಉಸಿರು ಬಿಗಿಹಿಡಿಯಬೇಡಿ, ತಿಣುಕಬೇಡಿ, ತಾನಾಗಿ ಬರಲಿ ಎಂದು ಹೇಳಿದೆ. ಭಟ್ಟರು ಎದ್ದರು. ಹೆಂಡತಿಯ ಹೆಗಲು ಹಿಡಿದು ಪಡಸಾಲೆ ದಾಟಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕ ಹಾಕಬೇಡಿ ಎಂದೆ. ಹಾಕಿಕೊಂಡರು.

ಹೊರಗೆ ನಾವು ಮೂರು ಜನ. ಹೆಂಡತಿ ಬಾಗಿಲಿಗೆ ಅಂಗೈ ಒತ್ತಿ ನಿಂತಿದ್ದರು. ಸಿಸ್ಟರ್ ಟ್ರೇ ಹಿಡಿದುಕೊಂಡಿದ್ದಳು, ಅದರಲ್ಲಿ ಏನೂ ಇರಲಿಲ್ಲ. ಕೂಗು ಬರುತ್ತದೆ ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ಒಳಗಿಂದ ಸ್ತೋತ್ರ ಕೇಳಿಸಿತು. ನಡುವೆ ಒಂದು ಕಡೆ ನಿಂತಿತು. ಹೆಂಡತಿ ನನ್ನ ಮುಖ ನೋಡಿದರು. ಒಂದು ನರಳಾಟ, ಅಷ್ಟೇ. ಮತ್ತೆ ಸ್ತೋತ್ರ ಬಿಟ್ಟಲ್ಲಿಂದ ಮುಂದುವರಿಯಿತು. ಆಮೇಲೆ ನೀರು ಸುರಿಯುವ ಸದ್ದು.

ಚಿಲಕ ತೆಗೆದು ಭಟ್ಟರು ಹೊರಗೆ ಬಂದರು. ಮುಖದಲ್ಲಿ ಬೆವರಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಹೇಗಿತ್ತು ಭಟ್ಟರೇ?"

"ಉರೀತು ಡಾಕ್ಟ್ರಮ್ಮಾ" ಎಂದರು. ಸ್ವಲ್ಪ ತಡೆದು, "ಬರೀ ಉರೀತು" ಎಂದರು.

ಹೆಂಡತಿ ಹತ್ತಿರ ಹೋಗಿ ಹೆಗಲು ಕೊಟ್ಟರು. ಭಟ್ಟರು ಆಕೆಯ ಹೆಗಲ ಮೇಲೆ ಕೈಯಿಟ್ಟು ವಾರ್ಡಿನ ಕಡೆ ಒಂದೊಂದೇ ಹೆಜ್ಜೆ ಹಾಕಿದರು. ಅರ್ಧ ದಾರಿಯಲ್ಲಿ ನಿಂತು, ಮದುವೆಮನೆಯಲ್ಲಿ ಸಹಾಯಕರನ್ನು ಕೇಳುವ ದನಿಯಲ್ಲಿ ಕೇಳಿದರು:

"ಮಧ್ಯಾಹ್ನಕ್ಕೆ ಏನ್ ಮಾಡ್ತೀಯಾ?"